ಆಕ್ಟರ್ ರ‍್ಯಾಪ್ ಮಾಡಿದ್ರೆ ನಂಬ್ಬೋದಾ? ‘ಬಿಕಾಸ್ ದಿ ಇಂಟರ್ನೆಟ್’ ಆಲ್ಬಂ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅನ್ನೋದು ಕೆಳಗೆ ಎಲ್ಲೋ ಬರುತ್ತೆ, ಅಲ್ಲಿವರೆಗೂ ಓದೋ ತಾಳ್ಮೆ ಇದ್ರೆ ಓದಿ. ಅಮೆರಿಕದ ನಟ ಡೊನಾಲ್ಡ್ ಗ್ಲೋವರ್‌ನ ಈ ರ‍್ಯಾಪ್ ಆಲ್ಬಂ ಹೊಸದೇನಲ್ಲ, 2013ರ ಡಿಸೆಂಬರ್ 10ಕ್ಕೆ ಬಂದಿದ್ದು. ಆಗ ನಾನು ಹಾಸ್ಟೆಲ್‌ನಲ್ಲಿದ್ದೆ, ಯಾರದ್ದೋ ಪೆನ್‌ಡ್ರೈವ್‌ನಲ್ಲಿ ಅರ್ಧಂಬರ್ಧ ಹಾಡು ಸಿಕ್ಕಿತ್ತು, ಅದ್ರಲ್ಲಿ ‘3005’ ಒಂದನ್ನೇ ತಿರುಗಿಸಿ ತಿರುಗಿಸಿ ಕೇಳ್ತಾ ಒಂದು ಸೆಮಿಸ್ಟರ್ ಕಳೆದುಬಿಟ್ಟೆ. ಪೂರ್ತಿ ಆಲ್ಬಂ ಕೇಳೇ ಇರ್ಲಿಲ್ಲ ಅನ್ನೋದು ಈಗ ಗೊತ್ತಾಯ್ತು. ಹೇಗೆ ಅಂದ್ರೆ ಹೋದ ತಿಂಗಳು ಆಫೀಸ್ ಕ್ಯಾಂಟೀನಲ್ಲಿ ಊಟ ಮಾಡ್ತಾ ಹಿಪ್‌ಹಾಪ್ ಮಾತು ಬಂತು, ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಒಬ್ಬ ಇದಾನೆ, ಭಾರೀ ಹಿಪ್‌ಹಾಪ್ ಭಕ್ತ, ಅವನು ಅನ್ನ ಸಾರು ಕಲಸ್ತಾ ಕಲಸ್ತಾ ‘ಆಕ್ಟರ್‌ಗಳು ರ‍್ಯಾಪ್ ಮಾಡೋದೆಲ್ಲ ಸ್ಕೂಲ್ ಡೇ ಫ್ಯಾನ್ಸಿ ಡ್ರೆಸ್ ಇದ್ದಂಗೆ ಸಾರ್, ಮಾರನೇ ದಿನ ಬಟ್ಟೆ ವಾಪಸ್ ಕೊಡಬೇಕು’ ಅಂದ. ನಂಗೆ ನಗು ಬಂತು, ಆದ್ರೆ ಡೊನಾಲ್ಡ್ ಗ್ಲೋವರ್ ಇದಾನಲ್ಲಪ್ಪಾ ಅಂದೆ. ಅವನು ಅದೂ ಫ್ಯಾನ್ಸಿ ಡ್ರೆಸ್ಸೇ ಅಂದ. ಸರಿ, ಆ ವಾರಾಂತ್ಯ ಕೂತು ಇಡೀ ಆಲ್ಬಂ ಅದರ ಜೊತೆಗಿರೋ ಸ್ಕ್ರಿಪ್ಟ್ ಸಮೇತ ಮುಗಿಸಿದೆ. ಅದರ ವರದಿ ಇದು.

ಗೊತ್ತಿಲ್ದೇ ಇರೋರಿಗೆ, ಡೊನಾಲ್ಡ್ ಗ್ಲೋವರ್ ಅಂದ್ರೆ ಅಮೆರಿಕದ ನಟ, ಬರಹಗಾರ. ಓದೋವಾಗಲೇ ಕಾಮಿಡಿ ಮಾಡ್ಕೊಂಡಿದ್ದೋನು, ಡಿಗ್ರಿ ಮುಗಿಯೋ ಹೊತ್ತಿಗೆ ‘30 ರಾಕ್’ ಅನ್ನೋ ಟಿವಿ ಕಾಮಿಡಿಗೆ ಬರೆಯೋ ಕೆಲಸ ಸಿಕ್ತು, ಆಮೇಲೆ 2009ರಿಂದ ‘ಕಮ್ಯುನಿಟಿ’ ಅನ್ನೋ ಸೀರಿಯಲ್‌ನಲ್ಲಿ ಟ್ರಾಯ್ ಅಂತ ಮುದ್ದು ಪೆದ್ದು ಹುಡುಗನ ಪಾತ್ರ, ಅದ್ರಿಂದಲೇ ಜನಕ್ಕೆ ಮುಖ ಗೊತ್ತಾಗಿದ್ದು. ರ‍್ಯಾಪ್ ಮಾಡೋವಾಗ ಇವನ ಹೆಸರು ಚೈಲ್ಡಿಶ್ ಗ್ಯಾಂಬಿನೋ. ಈ ಹೆಸರು ಎಲ್ಲಿಂದ ಬಂತು ಗೊತ್ತಾ, ವೂ-ಟ್ಯಾಂಗ್ ಕ್ಲ್ಯಾನ್ ಅಂತ ನ್ಯೂಯಾರ್ಕಿನ ದೊಡ್ಡ ರ‍್ಯಾಪ್ ಗುಂಪು ಇದೆಯಲ್ಲ, ‘ನಿಮ್ಮ ಹೆಸರು ಹಾಕಿ, ವೂ-ಟ್ಯಾಂಗ್ ಹೆಸರು ಪಡೀರಿ’ ಅನ್ನೋ ತರದ ಒಂದು ತಮಾಷೆ ವೆಬ್‌ಸೈಟ್ ಇತ್ತು, ಅದರಲ್ಲಿ ಬಟನ್ ಒತ್ತಿ ಬಂದ ಹೆಸರು. ಗಲ್ಲಿಲಿ ಯಾರೋ ಕರೆದಿದ್ದಲ್ಲ, ಅಪ್ಪ ಅಮ್ಮ ಇಟ್ಟಿದ್ದೂ ಅಲ್ಲ, ಕಂಪ್ಯೂಟರ್ ಉದುರಿಸಿದ್ದು. ಹಿಪ್‌ಹಾಪ್ ಭಕ್ತರಿಗೆ ಇವನ ಮೇಲೆ ಉರಿ ಹತ್ತಕ್ಕೆ ಇಷ್ಟೇ ಸಾಕಾಗಿತ್ತು.

ಈ ಉರಿ ಯಾಕೆ ಅನ್ನೋದು ನಮ್ಮ ಕಡೆಯೋರಿಗೆ ಬೇಗ ಅರ್ಥ ಆಗಲ್ಲ. ಯಾಕಂದ್ರೆ ನಮ್ಮಲ್ಲಿ ಆಕ್ಟರ್ ಹಾಡಿದ್ರೆ ಯಾರಿಗೂ ಅನುಮಾನ ಬರಲ್ಲ. ಕಂಪನಿ ನಾಟಕದ ಕಾಲದಲ್ಲಿ ಹಾಡಕ್ಕೆ ಬರಲ್ಲ ಅಂದ್ರೆ ಒಳ್ಳೆ ಪಾತ್ರವೇ ಸಿಗ್ತಿರ್ಲಿಲ್ಲ. ಅಣ್ಣಾವ್ರು ಗುಬ್ಬಿ ಕಂಪನಿಯಿಂದ ಬಂದೋರು, ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ ನ್ಯಾಷನಲ್ ಅವಾರ್ಡ್ ಬಂದಿದ್ದು ಅವರ ಹಾಡುಗಾರಿಕೆಗೆ. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ‘ಇಫ್ ಯು ಕಮ್ ಟುಡೇ’ ಅಂತ ಇಂಗ್ಲಿಷಲ್ಲೇ ಹಾಡಿದ್ರು, ಇವತ್ತಿಗೂ ಮದುವೆ ಆರ್ಕೆಸ್ಟ್ರಾದಲ್ಲಿ ಅದು ಬಂದ್ರೆ ಜನ ಎದ್ದು ಕುಣೀತಾರೆ, ‘ಇವರಿಗೆ ಇಂಗ್ಲಿಷ್ ಹಾಡೋ ಹಕ್ಕು ಎಲ್ಲಿಂದ ಬಂತು’ ಅಂತ ಯಾರೂ ಕೇಳಲ್ಲ. ಹಾಡು ಪಾತ್ರದ್ದು. ಅಳೋ ಹಾಡು ಹಾಡಿದೋನು ಮನೆಗೆ ಹೋಗಿ ಅಳ್ತಾ ಕೂರಬೇಕಾಗಿಲ್ಲ. ರ‍್ಯಾಪ್‌ನಲ್ಲಿ ಮಾತ್ರ ‘ನಾನು’ ಅಂದ್ರೆ ಮೈಕ್ ಹಿಡಿದೋನೇ. ನಾನು ಹಸಿದಿದ್ದೆ, ನಾನು ಜೈಲಿಗೆ ಹೋಗಿ ಬಂದೆ, ನಮ್ಮ ಏರಿಯಾ ಹಿಂಗಿತ್ತು, ಅಂತ ಹೇಳಿದ್ರೆ ಕೇಳೋನು ಅದನ್ನ ಸಾಕ್ಷಿ ಹೇಳಿಕೆ ತರ ತಗೋತಾನೆ. ಸುಳ್ಳು ಅಂತ ಗೊತ್ತಾದ್ರೆ ಬಿಡಲ್ಲ. ಅಂಥ ಜಾಗಕ್ಕೆ ಆಕ್ಟರ್ ಬಂದ, ಅಂದ್ರೆ ಸುಳ್ಳನ್ನ ಚೆನ್ನಾಗಿ ಹೇಳೋದೇ ಉದ್ಯೋಗ ಮಾಡ್ಕೊಂಡಿರೋನು ಬಂದ. ಅನುಮಾನ ಬರದೇ ಇನ್ನೇನು.

ಅನುಮಾನ ಪಡಕ್ಕೆ ಒಳ್ಳೆ ಕಾರಣವನ್ನೂ ಆಕ್ಟರ್‌ಗಳೇ ಕೊಟ್ಟಿದಾರೆ ಬಿಡಿ. ಹಾಲಿವುಡ್ ನಟ ಹೋಕಿನ್ ಫೀನಿಕ್ಸ್ ನೆನಪಿರ್ಬೇಕು. 2008ರ ಕೊನೆಗೆ ನಟನೆ ಬಿಟ್ಟೆ, ಇನ್ಮೇಲೆ ಹಿಪ್‌ಹಾಪ್ ಅಂತ ಸಾರಿದ, ಗಡ್ಡ ಬಿಟ್ಟ, ಕಪ್ಪು ಕನ್ನಡಕ ಹಾಕ್ಕೊಂಡು 2009ರ ಫೆಬ್ರವರಿಯಲ್ಲಿ ಡೇವಿಡ್ ಲೆಟರ್‌ಮನ್ ಶೋಗೆ ಹೋಗಿ ಚ್ಯೂಯಿಂಗ್ ಗಮ್ ಅಗೀತಾ ಗೊಣಗ್ತಾ ಕೂತಿದ್ದ, ಜಗತ್ತು ಅಯ್ಯೋ ಪಾಪ ತಲೆ ಕೆಟ್ಟಿದೆ ಅಂದ್ಕೊಳ್ತು. 2010ರಲ್ಲಿ ‘ಐ ಆಮ್ ಸ್ಟಿಲ್ ಹಿಯರ್’ ಸಿನಿಮಾ ಬಂದಾಗ ಡೈರೆಕ್ಟರ್ ಕೇಸಿ ಆಫ್ಲೆಕ್ ಬಾಯಿ ಬಿಟ್ಟ, ಅದೆಲ್ಲಾ ನಟನೆ ಅಂತ. ನಂಗೆ ಆ ಸಿನಿಮಾ ಅಷ್ಟಕ್ಕಷ್ಟೇ, ಆದ್ರೆ ಅದರ ಜೋಕ್ ಏನು ನೋಡಿ, ‘ಆಕ್ಟರ್ ರ‍್ಯಾಪರ್ ಆಗ್ತೀನಿ ಅಂತಾನೆ’ ಅನ್ನೋದೇ ಜೋಕ್. ಅದು ಹೇಳಿದ ತಕ್ಷಣ ಜನ ನಗ್ತಾರೆ ಅಂತ ಅವರಿಗೆ ಗ್ಯಾರಂಟಿ ಇತ್ತು. ಆ ಸಿನಿಮಾ ಬಂದು ಒಂದು ವರ್ಷಕ್ಕೆ ಗ್ಲೋವರ್‌ನ ಮೊದಲ ಸ್ಟುಡಿಯೋ ಆಲ್ಬಂ ಬಂತು, ಹೆಂಗಿರ್ಬೇಕು ಟೈಮಿಂಗ್.

ಆ ಮೊದಲ ಆಲ್ಬಂ ‘ಕ್ಯಾಂಪ್’, 2011ರ ನವೆಂಬರ್. ಅದನ್ನೂ ಈ ಸಲ ಮತ್ತೆ ಕೇಳಿದೆ, ಯಾಕಂದ್ರೆ ಅದಿಲ್ದೆ ಎರಡನೇದು ಎಷ್ಟು ಮುಂದೆ ಹೋಗಿದೆ ಅಂತ ಗೊತ್ತಾಗಲ್ಲ. ಪಿಚ್‌ಫೋರ್ಕ್ ಅನ್ನೋ ಮ್ಯೂಸಿಕ್ ರಿವ್ಯೂ ಸೈಟ್‌ನೋರು ಅದಕ್ಕೆ ಹತ್ತಕ್ಕೆ 1.6 ಕೊಟ್ಟಿದ್ರು. ಕೇಳಿ ನೋಡಿದ್ರೆ 1.6 ಅನ್ಯಾಯ, ಆದ್ರೆ ಕೋಪ ಯಾಕೆ ಬಂತು ಅಂತ ಅರ್ಥ ಆಗುತ್ತೆ. ‘ಬಾನ್‌ಫೈರ್’ ಹಾಕಿ ನೋಡಿ, ಬೀಟ್ ಸೈರನ್ ತರ ಹೊಡ್ಕೊಳ್ತಾ ಇದೆ, ಇವನು ಸಾಲಿಗೊಂದು ಪಂಚ್‌ಲೈನ್ ಎಸೀತಾ ಹೋಗ್ತಾನೆ, ಕಾಮಿಡಿ ಬರೆದು ಅಭ್ಯಾಸ ಆಗಿರೋ ಕೈ, ಜೋಕ್‌ಗಳೇನೋ ಚುರುಕಾಗಿವೆ, ಆದ್ರೆ ಪ್ರತಿ ಜೋಕ್ ಆದ್ಮೇಲೂ ‘ಹೆಂಗಿತ್ತು, ಹೆಂಗಿತ್ತು’ ಅಂತ ನಮ್ಮ ಮುಖ ನೋಡ್ದಂಗೆ ಇರುತ್ತೆ. ಇಡೀ ಆಲ್ಬಂ ತುಂಬಾ ಒಂದೇ ವಾದ, ನಾನು ಟಿವಿಯೋನು ಅಂತ ನಗಬೇಡಿ, ಸ್ಕೂಲಲ್ಲಿ ಕರಿಯರ ಹುಡುಗ್ರು ನನ್ನನ್ನ ಸೇರಿಸ್ಕೊಳ್ಳಿಲ್ಲ, ಬಿಳಿಯರೂ ಸೇರಿಸ್ಕೊಳ್ಳಿಲ್ಲ, ನಂಗೂ ನೋವಿದೆ, ನಾನೂ ರ‍್ಯಾಪರ್ರೇ. ನೋವು ಸುಳ್ಳು ಅಂತ ಹೇಳ್ತಿಲ್ಲ. ಆದ್ರೆ ಇಂಟರ್‌ವ್ಯೂಗೆ ಬಂದ ಫ್ರೆಷರ್ ಒಬ್ಬ ಫೈಲ್ ತೆಗೆದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಂದ ಒಂದೊಂದೇ ತೋರಿಸ್ತಾ ಕೂತಂಗೆ ಆಗುತ್ತೆ, ಕೆಲಸ ಬರುತ್ತಾ ಅಂತ ಕೇಳಕ್ಕೆ ಮುಂಚೆ ನಮಗೇ ಸುಸ್ತು. ಹುಡುಗೀರ ಬಗ್ಗೆ, ಅದರಲ್ಲೂ ಏಷ್ಯಾದ ಹುಡುಗೀರ ಬಗ್ಗೆ ಹೊಡೆಯೋ ಡೈಲಾಗ್‌ಗಳಂತೂ ಆಗಲೇ ಹಳಸಿದ್ದವು, ಈಗ ವಾಸನೆ ಬರ್ತಿದೆ.

ಆದ್ರೆ ಅದೇ ಆಲ್ಬಂನ ಕಟ್ಟಕಡೆಯಲ್ಲಿ ಒಂದು ಸಂಗತಿ ಇದೆ. ಕೊನೇ ಹಾಡು ಮುಗೀತಾ ಬೀಟ್ ನಿಂತುಬಿಡುತ್ತೆ, ಗ್ಲೋವರ್ ಸುಮ್ನೆ ಮಾತಾಡಕ್ಕೆ ಶುರು ಮಾಡ್ತಾನೆ, ಸಮ್ಮರ್ ಕ್ಯಾಂಪ್ ಮುಗಿಸಿ ಬಸ್ಸಲ್ಲಿ ವಾಪಸ್ ಹೋಗ್ತಿರೋ ಹುಡುಗ, ಪಕ್ಕದಲ್ಲಿ ಅವನಿಗೆ ಇಷ್ಟ ಆಗಿರೋ ಹುಡುಗಿ, ಮನಸ್ಸಲ್ಲಿರೋದನ್ನ ಹೇಳ್ಬಿಡ್ತಾನೆ, ಅವಳು ಅದನ್ನ ಹೋಗಿ ಬೇರೆಯೋರಿಗೆ ಹೇಳಿ ನಗ್ತಾಳೆ. ಅಷ್ಟೇ. ಪ್ರಾಸ ಇಲ್ಲ, ಪಂಚ್ ಇಲ್ಲ. ಇಡೀ ಆಲ್ಬಂನಲ್ಲಿ ಮೈ ಜುಮ್ ಅನ್ಸಿದ್ದು ಅದೊಂದೇ ಜಾಗ. ಅಂದ್ರೆ ಎಲ್ಲಿ ಅವನು ರ‍್ಯಾಪರ್ ಅಂತ ಸಾಬೀತು ಮಾಡೋದು ಬಿಟ್ಟು ತನಗೆ ಬರೋ ಕೆಲಸ, ಅಂದ್ರೆ ಪಾತ್ರ ಹಿಡ್ಕೊಂಡು ಮಾತಾಡೋದು, ಅದನ್ನ ಮಾಡಿದ್ನೋ ಅಲ್ಲಿ ನಂಬಿಕೆ ಬಂತು. ಇದನ್ನ ಅವನೂ ಗಮನಿಸಿರ್ಬೇಕು ಅಂತ ನನ್ನ ಗುಮಾನಿ, ಯಾಕಂದ್ರೆ ಎರಡನೇ ಆಲ್ಬಂ ಇರೋದೇ ಆ ಬಸ್ಸಲ್ಲಿ ಕೂತಿದ್ದ ಹುಡುಗನ ಮೇಲೆ.

ಈಗ ‘ಬಿಕಾಸ್ ದಿ ಇಂಟರ್ನೆಟ್’ಗೆ ಬರೋಣ. ಹತ್ತೊಂಬತ್ತು ಟ್ರ್ಯಾಕ್, ಒಂದು ಗಂಟೆಗೆ ಸ್ವಲ್ಪ ಕಡಿಮೆ. ಟ್ರ್ಯಾಕ್‌ಗಳ ಮುಂದೆ ರೋಮನ್ ಅಂಕಿ ಹಾಕಿ ನಾಟಕದ ಅಂಕಗಳ ತರ ಗುಂಪು ಮಾಡಿದಾರೆ, ಒಂದು ಗುಂಪು ಮುಗಿದ್ರೆ ಮತ್ತೆ ಒಂದರಿಂದ ಶುರು, ಮೊದಲ ಸಲ ನೋಡಿದಾಗ ಯಾರೋ ಫೈಲ್ ನೇಮ್ ತಪ್ಪು ಮಾಡಿದಾರೆ ಅನ್ಕೊಂಡಿದ್ದೆ. ಇದರ ಜೊತೆ 72 ಪುಟದ ಚಿತ್ರಕಥೆ ಒಂದನ್ನ ಆನ್‌ಲೈನ್‌ನಲ್ಲಿ ಬಿಟ್ಟ. ಸಿನಿಮಾ ಇಲ್ಲ, ಚಿತ್ರಕಥೆ ಮಾತ್ರ. ಓದ್ತಾ ಹೋದಂಗೆ ಮಧ್ಯ ಮಧ್ಯ ‘ಈಗ ಈ ಹಾಡು ಹಾಕು’ ಅಂತ ಸೂಚನೆ ಇರುತ್ತೆ, ಹಾಡು ಹಾಕಿ ಕೇಳಿ ಮತ್ತೆ ಓದೋದು. ಕಥಾನಾಯಕನಿಗೆ ಹೆಸರೇ ಇಲ್ಲ, ‘ದಿ ಬಾಯ್’ ಅಷ್ಟೇ. ದೊಡ್ಡ ಬಂಗಲೆ, ದುಡ್ಡಿದೆ, ಕೆಲಸ ಇಲ್ಲ, ದಿನವಿಡೀ ನೆಟ್‌ನಲ್ಲಿ ಕೂತು ಸಿಕ್ಕಸಿಕ್ಕೋರಿಗೆ ಕುಟುಕೋದು, ಮನೆ ತುಂಬ ಫ್ರೆಂಡ್ಸು, ಒಬ್ಬರ ಜೊತೆಗೂ ನೆಟ್ಟಗೆ ಮಾತಿಲ್ಲ. ‘ರಾಸ್ಕೋಸ್ ವೆಟ್‌ಸೂಟ್’ ಅಂತ ಒಂದು ಪದ ಎಲ್ಲರ ಬಾಯಲ್ಲೂ ಬರ್ತಾ ಇರುತ್ತೆ, ಅದರ ಅರ್ಥ ಏನು ಅಂತ ಹುಡುಗನಿಗೂ ಗೊತ್ತಾಗಲ್ಲ ನಮಗೂ ಗೊತ್ತಾಗಲ್ಲ, ಕೇಳಿದ್ರೆ ಯಾರೂ ಹೇಳಲ್ಲ. ಈಗ ದಿನಾ ಒಂದು ಹೊಸ ಮೀಮ್ ಬಂದು ಅರ್ಥ ಆಗೋಷ್ಟರಲ್ಲಿ ಹಳೇದಾಗೋ ಕಾಲದಲ್ಲಿ ಓದಿದ್ರೆ, ಇವನು 2013ರಲ್ಲೇ ಇದನ್ನ ಬರೆದ್ನಾ ಅನ್ಸುತ್ತೆ.

ಹುಡುಗನ ಅಪ್ಪನ ಪಾತ್ರಕ್ಕೆ ಸ್ಕ್ರಿಪ್ಟ್‌ನಲ್ಲಿ ಯಾರ ಹೆಸರು ಹಾಕಿದಾನೆ ನೋಡಿ, ರಿಕ್ ರಾಸ್. ಇದು ನಂಗೆ ಭಾರೀ ಖುಷಿ ಕೊಟ್ಟ ವಿಷ್ಯ, ಸ್ವಲ್ಪ ಎಳೆದೇ ಹೇಳ್ತೀನಿ. ರಿಕ್ ರಾಸ್ ಅಂದ್ರೆ ಗಡ್ಡ, ಹೊಟ್ಟೆ, ಚಿನ್ನದ ಸರ, ಕೊಕೇನ್ ಸಾಮ್ರಾಜ್ಯದ ಹಾಡು, ಅಂಥ ‘ಅಸಲಿ’ ರ‍್ಯಾಪರ್. 2008ರಲ್ಲಿ ಹೊರಬಿದ್ದ ಸಂಗತಿ ಏನಂದ್ರೆ ಈ ಮನುಷ್ಯ ತೊಂಬತ್ತರ ದಶಕದಲ್ಲಿ ಫ್ಲೋರಿಡಾದ ಜೈಲಲ್ಲಿ ಕಾವಲು ಸಿಬ್ಬಂದಿಯಾಗಿ ಕೆಲಸ ಮಾಡಿದ್ದ! ರಿಕ್ ರಾಸ್ ಅನ್ನೋ ಹೆಸರೂ ಅವನದ್ದಲ್ಲ, ಲಾಸ್ ಏಂಜಲೀಸ್‌ನ ‘ಫ್ರೀವೇ’ ರಿಕ್ ರಾಸ್ ಅನ್ನೋ ನಿಜವಾದ ಡ್ರಗ್ ವ್ಯಾಪಾರಿ ಹೆಸರಿಂದ ತಗೊಂಡಿದ್ದು, ಆ ವ್ಯಾಪಾರಿ ಜೈಲಿಂದ ಬಂದು ನನ್ನ ಹೆಸರು ಕದ್ದ ಅಂತ ಕೇಸ್ ಹಾಕಿದ, ಕೇಸ್ ಸೋತ. ಈಗ ಹೇಳಿ, ವೇಷ ಹಾಕಿರೋದು ಯಾರು? ಟಿವಿ ಆಕ್ಟರ್ ಒಬ್ಬ ತನ್ನ ರ‍್ಯಾಪ್ ಕಥೆಯಲ್ಲಿ ಅಪ್ಪನ ಜಾಗಕ್ಕೆ ಇಂಥೋನನ್ನೇ ಕೂರಿಸಿದಾನೆ ಅಂದ್ರೆ ಸುಮ್ಸುಮ್ನೆ ಕೂರಿಸಿರಲ್ಲ. ನಮ್ಮ ಕ್ಯಾಂಟೀನ್ ಹುಡುಗನಿಗೆ ಇದನ್ನ ಹೇಳ್ದೆ, ಅವನು ಮೊಸರನ್ನ ಬಿಟ್ಟು ಎದ್ದು ಹೋದ.

ಹಾಡುಗಳು. ‘ಕ್ರಾಲ್’ ಮತ್ತು ‘ವರ್ಲ್ಡ್‌ಸ್ಟಾರ್’ ಜೋಡಿ ಹೊಡೆತ. ವರ್ಲ್ಡ್‌ಸ್ಟಾರ್ ಅಂದ್ರೆ ರಸ್ತೆ ಜಗಳದ ವಿಡಿಯೋ ಹಾಕೋಕೆ ಹೆಸರಾದ ಸೈಟು, ಯಾರಾದ್ರೂ ಹೊಡೆದಾಡ್ತಿದ್ರೆ ಬಿಡಿಸೋ ಬದ್ಲು ಫೋನ್ ತೆಗೆದು ಆ ಹೆಸರು ಕೂಗೋದು ಅಲ್ಲಿ ಚಾಳಿ. ಹಾಡಲ್ಲಿ ಇವನೂ ಅದೇ ಗುಂಪಲ್ಲಿ ನಿಂತು ನೋಡ್ತಿರೋನು, ಮಧ್ಯ ಒಂದು ಕಡೆ ಹಾಡು ನಿಂತು ಇಬ್ಬರು ಫ್ರೆಂಡ್ಸ್ ಫೋನ್‌ನಲ್ಲಿ ಕ್ಲಿಪ್ ನೋಡೋ ಸೀನ್ ಬರುತ್ತೆ, ಆಮೇಲೆ ಜಾಝ್ ತರ ಎಲ್ಲೋ ತೇಲಿ ಹೋಗುತ್ತೆ. ನಮ್ಮಲ್ಲೂ ಆಕ್ಸಿಡೆಂಟ್ ಆದ್ರೆ ಮೊದಲು ಬರೋದು ಆಂಬುಲೆನ್ಸ್ ಅಲ್ಲ ಕ್ಯಾಮೆರಾ ಅಲ್ವಾ. ‘ಟೆಲಿಗ್ರಾಫ್ ಆ್ಯವೆನ್ಯೂ’ ನಂಗೆ ಅತೀ ಇಷ್ಟ. ಕಾರಲ್ಲಿ ರೇಡಿಯೋ ಓಡ್ತಿದೆ, ಆರ್‌ಜೆ ಹಾಡು ಪರಿಚಯ ಮಾಡ್ತಾನೆ, ಹಾಡು ಶುರುವಾಗುತ್ತೆ, ಹುಡುಗ ಒಬ್ಬನೇ ಸ್ಟೀರಿಂಗ್ ಹಿಡ್ಕೊಂಡು ಅದರ ಜೊತೆ ತಪ್ಪುತಪ್ಪಾಗಿ ಗುನುಗ್ತಾನೆ, ಗುನುಗ್ತಾ ಗುನುಗ್ತಾ ಆ ಹಾಡು ಅವನದ್ದೇ ಹಾಡಾಗಿ ಬದಲಾಗುತ್ತೆ, ಪ್ರೀತಿ ಮಾಡಿದೋಳ ಊರಿಗೆ ಹೋಗೋದಾ ಬೇಡ್ವಾ ಅನ್ನೋ ದಿಗಿಲು ಅದರೊಳಗೆ ಬರುತ್ತೆ. ರಿಂಗ್‌ರೋಡ್ ಟ್ರಾಫಿಕ್‌ನಲ್ಲಿ ಕ್ಲಚ್ ಮೇಲೆ ಕಾಲಿಟ್ಟು ಎಫ್‌ಎಂ ಜೊತೆ ಒಬ್ಬರೇ ಹಾಡ್ಕೊಂಡಿರೋ ಯಾರಿಗಾದ್ರೂ ಇದು ತಟ್ಟುತ್ತೆ. ಇದನ್ನ ಬರೀ ರ‍್ಯಾಪರ್ ಆಗಿದ್ದೋನು ಬರೀತಿರ್ಲಿಲ್ಲ ಅನ್ಸುತ್ತೆ, ಇದು ಸೀನ್ ಬರೆಯೋನ ಕೈ.

‘ಸ್ವೆಟ್‌ಪ್ಯಾಂಟ್ಸ್’ನಲ್ಲಿ ಪೂರ್ತಿ ಜಂಬ, ಅಪ್ಪನ ದುಡ್ಡು ನನ್ನ ದುಡ್ಡು ಅನ್ನೋ ಟೈಪು. ‘ಕ್ಯಾಂಪ್’ನಲ್ಲಿ ಇದೇ ಸಾಲು ಬಂದಿದ್ರೆ ಚೀ ಅನ್ತಿದ್ವಿ, ಇಲ್ಲಿ ಅದನ್ನ ಹೇಳ್ತಿರೋದು ಆ ಬಂಗಲೆ ಹುಡುಗ ಅಂತ ಗೊತ್ತಿರೋದ್ರಿಂದ ನಗು ಬರುತ್ತೆ, ಆಮೇಲೆ ಸಣ್ಣ ಕನಿಕರಾನೂ. ಹಿರೋ ಮುರಾಯ್ ಮಾಡಿರೋ ವಿಡಿಯೋದಲ್ಲಿ ಹೋಟೆಲ್ ಒಳಗೆ ಹೋಗ್ತಾನೆ ಬರ್ತಾನೆ ಮತ್ತೆ ಹೋಗ್ತಾನೆ, ಪ್ರತಿ ಸುತ್ತಿಗೂ ಅಲ್ಲಿ ಕೂತೋರ ಮುಖಗಳು ಇವನದ್ದೇ ಮುಖ ಆಗ್ತಾ ಹೋಗುತ್ತೆ, ಕೊನೆಗೆ ಇಡೀ ಹೋಟೆಲ್ ಗ್ಲೋವರ್‌ಗಳೇ. ‘3005’ ಬಗ್ಗೆ ಹೇಳಲ್ಲ, ಅದು ನಿಮಗೆ ಗೊತ್ತು, ಪ್ರೇಮಗೀತೆ ಅನ್ಕೊಂಡು ಹಾಸ್ಟೆಲ್‌ನಲ್ಲಿ ಕೇಳಿದ್ದೆ, ಈಗ ಕೇಳಿದ್ರೆ ಒಬ್ಬನೇ ಇರಕ್ಕೆ ಹೆದರಿ ಯಾರದ್ದೋ ಕೈ ಗಟ್ಟಿ ಹಿಡ್ಕೊಂಡಿರೋ ಹಾಡು. ‘ದಿ ಪಾರ್ಟಿ’ಯಲ್ಲಿ ಮನೆ ತುಂಬ ಜನ ಕುಣೀತಿರ್ತಾರೆ, ಇದ್ದಕ್ಕಿದ್ದಂಗೆ ‘ನನ್ನ ಮನೆಯಿಂದ ಹೊರಗೆ ಹೋಗಿ’ ಅಂತ ಕಿರುಚ್ತಾನೆ ನೋಡಿ, ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ನಿಂತಿದ್ದ ನಾನು ಬೆಚ್ಚಿಬಿದ್ದು ಪಕ್ಕದ ಆಂಟಿ ಕಾಲು ತುಳಿದೆ. ಅಲ್ಲಿಂದ ಮುಂದೆ ಆಲ್ಬಂ ಬಣ್ಣ ಬದಲಾಗುತ್ತೆ, ಅಪ್ಪ ಸಾಯ್ತಾನೆ, ಗಿಟಾರ್ ಹಿಡ್ಕೊಂಡ ‘ಫ್ಲೈಟ್ ಆಫ್ ದಿ ನ್ಯಾವಿಗೇಟರ್’ ಬರುತ್ತೆ, ‘ಜೀಲಟ್ಸ್ ಆಫ್ ಸ್ಟಾಕ್‌ಹೋಮ್’ ಮೆಲ್ಲಗೆ ಶುರುವಾಗಿ ನಡುವೆ ಬೀಟ್ ಕೈಕಾಲು ಮುರ್ಕೊಂಡು ಬಿದ್ದಂಗೆ ಒಡೆದುಹೋಗುತ್ತೆ.

ಇಲ್ಲಿ ನಮ್ಮ ಮಾವನ ವಿಷ್ಯ ಹೇಳ್ಬೇಕು. ನಮ್ಮದು ಶಿರಸಿ ಕಡೆ. ಸೋದರಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳ್ತಾರೆ, ದೊಡ್ಡ ಹೆಸರೇನಲ್ಲ, ಊರ ದೇವಸ್ಥಾನದಲ್ಲಿ, ಯಾರದ್ದಾದ್ರೂ ಮನೆ ಕಾರ್ಯದಲ್ಲಿ. ತಾಳಮದ್ದಳೆ ನೋಡದೇ ಇರೋರಿಗೆ ಹೇಳೋದಾದ್ರೆ, ಯಕ್ಷಗಾನದ ಪ್ರಸಂಗವೇ, ಆದ್ರೆ ವೇಷ ಇಲ್ಲ ಕುಣಿತ ಇಲ್ಲ, ಪಂಚೆ ಶಲ್ಯ ಹಾಕ್ಕೊಂಡು ಕೂತು ಭಾಗವತರು ಪದ ಹೇಳಿದ್ಮೇಲೆ ಅದಕ್ಕೆ ಆ ಕ್ಷಣಕ್ಕೆ ಹೊಳೆದಿದ್ದನ್ನ ಕರ್ಣನಾಗಿಯೋ ವಾಲಿಯಾಗಿಯೋ ಮಾತಾಡೋದು, ಎದುರು ಕೂತೋನು ತಿರುಗಿಸಿ ಕೊಡೋದು. ಬರೆದಿಟ್ಟ ಡೈಲಾಗ್ ಇಲ್ಲ. ಮಾವ ಅಡಿಕೆ ತೋಟದ ಸಾಲದ ಚಿಂತೆಯಲ್ಲಿ ಬಂದು ಕೂತು ‘ನಾನು ಸೂರ್ಯಪುತ್ರ’ ಅಂದ್ರೆ ಯಾರೂ ‘ನೀನು ಗಣಪತಿ ಹೆಗಡೆ ಅಲ್ವನಾ’ ಅಂತ ಕೇಳಲ್ಲ (ಹೆಸರು ಬದಲಾಯಿಸಿದೀನಿ, ಮಾವ ಬೈತಾರೆ). ‘ನಾನು’ ಅಂದ್ರೆ ಪಾತ್ರ, ಆದ್ರೆ ಆ ಮಾತು, ಆ ಕ್ಷಣದ ಬುದ್ಧಿ, ಆ ಸಿಟ್ಟು ಹೇಳೋನದ್ದೇ. ಹಳೇ ಅರ್ಥಧಾರಿಗಳಲ್ಲಿ ಯಾರ ಕರ್ಣ ಹೆಂಗೆ ಅಂತ ನಮ್ಮೂರಲ್ಲಿ ಇನ್ನೂ ಜಗಳ ಆಡ್ತಾರೆ. ನಂಗೆ ‘ಬಿಕಾಸ್ ದಿ ಇಂಟರ್ನೆಟ್’ ಎರಡನೇ ಸಲ ಕೇಳೋವಾಗ ಹೊಳೆದಿದ್ದು ಇದೇ, ಇದು ಸಿನಿಮಾ ಇಲ್ಲದ ಚಿತ್ರಕಥೆ, ವೇಷ ಇಲ್ಲದ ಪಾತ್ರ, ಇವನು ಅರ್ಥ ಹೇಳ್ತಿದಾನೆ ಅಂತ. ರ‍್ಯಾಪರ್‌ಗಳು ಕೇಳೋ ‘ನೀನು ನಿಜವಾ’ ಅನ್ನೋ ಪ್ರಶ್ನೆಗೆ ‘ಕ್ಯಾಂಪ್’ನಲ್ಲಿ ಹೌದು ಹೌದು ಅಂತ ಕಿರುಚಿ ಸೋತ, ಇಲ್ಲಿ ಆ ಪ್ರಶ್ನೆಯನ್ನೇ ಬಿಟ್ಟು ಒಂದು ಪಾತ್ರ ಕಟ್ಟಿಕೊಂಡು ಕೂತ. ಒಳಗಿಂದ ಬಂದ ಮಾತು ಅವನದ್ದೇ ಆಗಿತ್ತು.

ಹಬ್ಬಕ್ಕೆ ಊರಿಗೆ ಹೋದಾಗ ಮಾವನಿಗೆ ಕೇಳಿಸಿದೆ, ‘ಟೆಲಿಗ್ರಾಫ್ ಆ್ಯವೆನ್ಯೂ’ ಒಂದು, ‘ದಿ ಪಾರ್ಟಿ’ ಒಂದು, ಕಥೆ ಏನು ಅಂತ ಹೇಳಿ. ಇಂಗ್ಲಿಷ್ ಅರ್ಧ ತಿಳೀತು, ಬೈಗುಳ ಮಾತ್ರ ಪೂರ್ತಿ ತಿಳೀತು. ಕವಳ ಹಾಕ್ಕೊಂಡು ಸುಮ್ನೆ ಕೇಳಿದ್ರು, ಕೇಳಿ ಒಂದೇ ಪ್ರಶ್ನೆ, ‘ತಮಾ, ಇದಕ್ಕೆ ಭಾಗವತ್ರು ಯಾರಾ? ಹಿಮ್ಮೇಳ ಚಲೋ ಇದ್ದು.’

ಸರಿಯಾದ ಪ್ರಶ್ನೆ. ನಾನು ಅದನ್ನ ಯೋಚನೆನೇ ಮಾಡಿರ್ಲಿಲ್ಲ. ಭಾಗವತ್ರು ಅಂದ್ರೆ ಲುಡ್ವಿಗ್ ಯೋರಾನ್ಸನ್, ಸ್ವೀಡನ್‌ನೋನು. ‘ಕಮ್ಯುನಿಟಿ’ ಸೀರಿಯಲ್‌ಗೆ ಹಿನ್ನೆಲೆ ಸಂಗೀತ ಕೊಡ್ತಿದ್ದ, ಅಲ್ಲೇ ಗ್ಲೋವರ್ ಪರಿಚಯ ಆಗಿದ್ದು. ಅಂದ್ರೆ ಇವರಿಬ್ಬರ ಹಿಪ್‌ಹಾಪ್ ಹುಟ್ಟಿದ್ದು ಹಿಪ್‌ಹಾಪ್‌ನ ತವರು ನ್ಯೂಯಾರ್ಕಿನ ಬ್ರಾಂಕ್ಸ್ ಬೀದಿ ಪಾರ್ಟಿಲಿ ಅಲ್ಲ, ಕಾಮಿಡಿ ಸೀರಿಯಲ್ ಸೆಟ್ಟಲ್ಲಿ. ಆ ಲುಡ್ವಿಗ್ ಆಮೇಲೆ ‘ಬ್ಲ್ಯಾಕ್ ಪ್ಯಾಂಥರ್’ಗೆ ಒಂದು ಆಸ್ಕರ್, ‘ಆಪನ್‌ಹೈಮರ್’ಗೆ ಇನ್ನೊಂದು ಆಸ್ಕರ್ ಹೊಡೆದ. ಈ ಆಲ್ಬಂನಲ್ಲಿ ಸೀನ್‌ನಿಂದ ಸೀನ್‌ಗೆ ದಾಟೋ ಆ ಸಣ್ಣ ಸಣ್ಣ ಇನ್‌ಸ್ಟ್ರುಮೆಂಟಲ್ ತುಣುಕುಗಳಿವೆಯಲ್ಲ, ‘ಡಯಲ್ ಅಪ್’, ‘ಡೆತ್ ಬೈ ನಂಬರ್ಸ್’, ಅವನ್ನ ನಾನು ಸ್ಕಿಪ್ ಮಾಡ್ತಿದ್ದೆ. ಮಾವ ಕೇಳಿದ್ಮೇಲೆ ಸ್ಕಿಪ್ ಮಾಡಲ್ಲ.

ಈಗ ಆ ಕಟ್ ಆದ ಸ್ಟಾರ್. ಒಂದು, ಸ್ಕ್ರಿಪ್ಟ್ ಓದದೇ ಹೋದ್ರೆ ಎರಡನೇ ಅರ್ಧ ಕೈಗೆ ಸಿಗಲ್ಲ, ‘ಅರ್ನ್’ ಅನ್ನೋ ಹಾಡು ಅಪ್ಪನ ಚಿತಾಭಸ್ಮದ್ದು ಅಂತ ಬರೀ ಕೇಳಿ ಯಾರಿಗೆ ಹೊಳೀಬೇಕು. ಪ್ರಸಂಗ ಪುಸ್ತಕ ಓದ್ಕೊಂಡೇ ಬನ್ನಿ ಅಂದ್ರೆ ಎಲ್ಲ ಪ್ರೇಕ್ಷಕರಿಗೂ ಆಗುತ್ತಾ. ಇನ್ನು ಆ ಸ್ಕ್ರಿಪ್ಟ್, ನಿಜ ಹೇಳ್ಬೇಕಂದ್ರೆ 72ರಲ್ಲಿ 30 ಪುಟ ಕತ್ತರಿಸಬಹುದಿತ್ತು, ಕೊನೆ ಕೊನೆಗೆ ಪೊಲೀಸು ಗುಂಡು ಅಂತ ಅಮೆರಿಕನ್ ಸಿನಿಮಾ ಆಗಿಬಿಡುತ್ತೆ. ಹುಡುಗಿ ಪಾತ್ರಗಳು ಇಲ್ಲೂ ಹುಡುಗನ ದುಃಖಕ್ಕೆ ಕನ್ನಡಿ ಹಿಡಿಯಕ್ಕೆ ಇರೋರು, ಅವರಿಗೆ ಅವರದ್ದೇ ಮಾತಿಲ್ಲ, ಆಝೀಲಿಯಾ ಬ್ಯಾಂಕ್ಸ್ ಅಂಥ ರ‍್ಯಾಪರ್‌ನ ಕರೆಸಿ ಒಂದು ಮೂಲೆಲಿ ನಿಲ್ಲಿಸಿದಾರೆ. ಶುದ್ಧ ರ‍್ಯಾಪ್ ಲೆಕ್ಕದಲ್ಲಿ ನೋಡಿದ್ರೆ, ಆ ಉಸಿರು, ಆ ಲಯದ ಮೇಲಿನ ಹಿಡಿತ, ಅದೇ ವರ್ಷ ಬಂದ ಬೇರೆಯೋರ ಜೊತೆ ಇಟ್ಟರೆ ಇವನು ಎರಡನೇ ಸಾಲಲ್ಲೇ ಕೂರ್ತಾನೆ. ‘ದಿ ವರ್ಸ್ಟ್ ಗೈಸ್’ನಲ್ಲಿ ಚಾನ್ಸ್ ದಿ ರ‍್ಯಾಪರ್ ಬರೀ ಒಂದು ಸಾಲು ತಿರುಗಿಸಿ ಹೇಳ್ತಾನೆ, ಅಷ್ಟರಲ್ಲೇ ಯಾರಿಗೆ ಇದು ರಕ್ತದಲ್ಲಿ ಬಂದಿದೆ ಅಂತ ಗೊತ್ತಾಗುತ್ತೆ.

ಬೇರೆ ಆಕ್ಟರ್‌ಗಳ ಜೊತೆ ಇಟ್ಟು ನೋಡೋದಾದ್ರೆ, ರ‍್ಯಾಪರ್ ಡ್ರೇಕ್‌ನೂ ಆಕ್ಟರ್ರೇ, ಕೆನಡಾದ ‘ಡಿಗ್ರಾಸಿ’ ಸೀರಿಯಲ್‌ನಲ್ಲಿ ವೀಲ್‌ಚೇರ್‌ನಲ್ಲಿ ಕೂರೋ ಜಿಮ್ಮಿ. ಅವನು ದುಡ್ಡಲ್ಲಿ ಹಾಡಲ್ಲಿ ಎಲ್ಲರನ್ನೂ ಮೀರಿಸಿದ್ರೂ ಇವತ್ತಿಗೂ ಜಗಳ ಆದ್ರೆ ಎದುರಾಳಿಗಳು ಮೊದಲು ತೆಗೆಯೋದು ಆ ವೀಲ್‌ಚೇರನ್ನೇ. ಅವನ ದಾರಿ ಏನಂದ್ರೆ ಆಕ್ಟರ್ ಆಗಿದ್ದೆ ಅನ್ನೋದನ್ನ ಜನ ಮರೆಯೋಷ್ಟು ಹಾಡು ಬಿಡೋದು. ನಮ್ಮ ದೇಶದಲ್ಲಿ ರಣ್‌ವೀರ್ ಸಿಂಗ್ 2019ರಲ್ಲಿ ‘ಗಲ್ಲಿ ಬಾಯ್’ಗೆ ತಾನೇ ರ‍್ಯಾಪ್ ಮಾಡಿದ, ಕೆಟ್ಟದಾಗೇನೂ ಇರ್ಲಿಲ್ಲ, ಆದ್ರೆ ಅದು ಮುಂಬೈ ರ‍್ಯಾಪರ್‌ಗಳಾದ ಡಿವೈನ್ ಮತ್ತು ನೇಝಿಯ ಬದುಕಿಂದ ಎತ್ಕೊಂಡ ಪಾತ್ರ. ನಂಗೆ ಅವನಲ್ಲಿ ಇಷ್ಟ ಆಗಿದ್ದು ಮುಂದೇನು ಮಾಡಿದ ಅನ್ನೋದು, ನಾನೂ ರ‍್ಯಾಪರ್ ಅಂತ ಆಲ್ಬಂ ಹೊರಡಿಸದೆ ‘ಇಂಕ್‌ಇಂಕ್’ ಅಂತ ಲೇಬಲ್ ಶುರು ಮಾಡಿ ಕಾಮ್ ಭಾರಿ ಅಂಥ ಹುಡುಗ್ರಿಗೆ ಮೈಕ್ ಕೊಟ್ಟ. ಕನ್ನಡದಲ್ಲಂತೂ ಗಾಡಿ ಉಲ್ಟಾ ದಿಕ್ಕಲ್ಲಿ ಓಡುತ್ತೆ, ಚಂದನ್ ಶೆಟ್ಟಿ ತರ ಮೊದಲು ರ‍್ಯಾಪ್, ಆಮೇಲೆ ಬಿಗ್ ಬಾಸ್, ಆಮೇಲೆ ಹೀರೋ. ರ‍್ಯಾಪರ್ ಆ್ಯಕ್ಟಿಂಗ್‌ಗೆ ಬಂದ್ರೆ ಯಾರೂ ಸರ್ಟಿಫಿಕೇಟ್ ಕೇಳಲ್ಲ ಗಮನಿಸಿದೀರಾ, ವಿಲ್ ಸ್ಮಿತ್‌ಗೂ ಕೇಳಿಲ್ಲ, ಬೆಂಗಳೂರಿಂದ ಮೇಲೆ ಬಂದ ಹನುಮಾನ್‌ಕೈಂಡ್ ಮಲಯಾಳಂ ‘ರೈಫಲ್ ಕ್ಲಬ್’ನಲ್ಲಿ ನಟಿಸಿದಾಗಲೂ ಕೇಳಿಲ್ಲ. ಈ ಕಡೆಯಿಂದ ಆ ಕಡೆಗೆ ಗೇಟ್ ಇಲ್ಲ, ಆ ಕಡೆಯಿಂದ ಈ ಕಡೆಗೆ ಮಾತ್ರ ಟೋಲ್.

ಗ್ಲೋವರ್ ಮುಂದೇನಾದ ಅನ್ನೋದು ಬಹಳ ಜನಕ್ಕೆ ಗೊತ್ತು. 2016ರಲ್ಲಿ ರ‍್ಯಾಪ್ ಪಕ್ಕಕ್ಕಿಟ್ಟು ಪೂರ್ತಿ ಫಂಕ್ ಆಲ್ಬಂ ಮಾಡಿದ. ಅದೇ ವರ್ಷ ‘ಅಟ್ಲಾಂಟಾ’ ಅಂತ ತನ್ನದೇ ಸೀರಿಯಲ್ ತಂದ, ರ‍್ಯಾಪರ್ ಒಬ್ಬನ ಕಥೆ, ಅದರಲ್ಲಿ ರ‍್ಯಾಪರ್ ಪಾತ್ರ ಬ್ರಯಾನ್ ಟೈರೀ ಹೆನ್ರಿಗೆ ಕೊಟ್ಟು ತಾನು ಅವನ ಹಿಂದೆ ಓಡಾಡೋ ದುಡ್ಡಿಲ್ಲದ ಮ್ಯಾನೇಜರ್ ಆದ. ‘ಕ್ಯಾಂಪ್’ ಮಾಡಿದ ಹುಡುಗ ಹಂಗೆ ಮಾಡ್ತಿರ್ಲಿಲ್ಲ. 2018ರ ಮೇನಲ್ಲಿ ‘ದಿಸ್ ಈಸ್ ಅಮೆರಿಕ’ ಬಂತು, ಅಂಗಿ ಇಲ್ಲದೆ ಕುಣೀತಾ ಕುಣೀತಾ ಪಿಸ್ತೂಲು ತೆಗೀತಾನಲ್ಲ ಅದು, ಅದರಲ್ಲಿ ಮುಖದ ಒಂದೊಂದು ಸ್ನಾಯುವೂ ನಟಿಸ್ತಿದೆ, ಕಣ್ಣು ಒಂದು ಕಡೆ ತುಟಿ ಒಂದು ಕಡೆ, ನಂಗೆ ನೋಡಿದಾಗೆಲ್ಲ ಯಕ್ಷಗಾನದ ಬಣ್ಣದ ವೇಷ ನೆನಪಾಗುತ್ತೆ. 2019ರ ಗ್ರ್ಯಾಮಿಯಲ್ಲಿ ಅದಕ್ಕೆ ನಾಲ್ಕು, ರೆಕಾರ್ಡ್ ಆಫ್ ದಿ ಇಯರ್ ಮತ್ತು ಸಾಂಗ್ ಆಫ್ ದಿ ಇಯರ್ ಎರಡೂ, ಅಲ್ಲಿವರೆಗೆ ಯಾವ ರ‍್ಯಾಪ್ ಹಾಡಿಗೂ ಅವೆರಡರಲ್ಲಿ ಒಂದೂ ಸಿಕ್ಕಿರ್ಲಿಲ್ಲ. ಅಂದ್ರೆ ಆ ಬಾಗಿಲನ್ನ ಹಿಪ್‌ಹಾಪ್‌ಗೆ ತೆಗೆದುಕೊಟ್ಟಿದ್ದು ಟೋಲ್ ಕಟ್ಟಿ ಬಂದ ಆಕ್ಟರ್. ಇದನ್ನ ಕ್ಯಾಂಟೀನ್ ಹುಡುಗನಿಗೆ ಹೇಳಿದಾಗ ಅವನು ‘ಗ್ರ್ಯಾಮಿಯೋರಿಗೆ ಏನ್ ಗೊತ್ತು ಸಾರ್’ ಅಂದ, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಅದು ನಿಜಾನೇ.

ಹೊಸಬರು ಕೇಳೋದಾದ್ರೆ ಷಫಲ್ ಆಫ್ ಮಾಡಿ, ಇಯರ್‌ಫೋನ್ ಹಾಕಿ, ಸ್ಕ್ರಿಪ್ಟ್ ಮೊದಲ ಸಲಕ್ಕೇ ಓದ್ಬೇಡಿ, ಎರಡನೇ ಸಲಕ್ಕೆ ಓದಿ. ಮನೇಲಿ ಸ್ಪೀಕರ್‌ನಲ್ಲಿ ಹಾಕಿದ್ರೆ ಬೈಗುಳ ಜಾಸ್ತಿ ಇದೆ, ಹಿರಿಯರು ಇದ್ರೆ ನೋಡ್ಕೊಳ್ಳಿ. ‘ಕ್ಯಾಂಪ್’ನ ಕೊನೇ ಹಾಡಿನ ಆ ಬಸ್ ಕಥೆ ಕೇಳಿ ತಕ್ಷಣ ಇದನ್ನ ಶುರು ಮಾಡಿದ್ರೆ ಇನ್ನೂ ಚೆಂದ.

2024ರ ಜುಲೈನಲ್ಲಿ ‘ಬ್ಯಾಂಡೋ ಸ್ಟೋನ್’ ಆಲ್ಬಂ ಬಂತಲ್ಲ, ಅದು ಚೈಲ್ಡಿಶ್ ಗ್ಯಾಂಬಿನೋ ಹೆಸರಲ್ಲಿ ಕೊನೇದು ಅಂತ ಅವನೇ ಹೇಳಿದಾನೆ. ಮೊನ್ನೆ ಫೋನ್‌ನಲ್ಲಿ ಮಾವನಿಗೆ ಇದನ್ನೂ ಹೇಳಿದೆ, ನೀವು ಕೇಳಿದ್ರಲ್ಲ ಆ ಹುಡುಗ, ಅವನು ಆ ಹೆಸರು ಬಿಟ್ನಂತೆ ಅಂತ.

‘ಮಂಗಳ ಹಾಡಿ ಆತನಾ?’ ಅಂದ್ರು.

ಹೌದಂತೆ ಅಂದೆ.

‘ಹಂಗೆ ಹೇಳ್ದವ್ವೆಲ್ಲ ಮುಂದಿನ ತಿರುಗಾಟಕ್ಕೆ ಮತ್ತೆ ಗೆಜ್ಜೆ ಕಟ್ತ ತಮಾ’ ಅಂದು, ಅಡಿಕೆ ರೇಟ್ ಬಗ್ಗೆ ಮಾತಾಡಕ್ಕೆ ಶುರು ಮಾಡಿದ್ರು.